ಮೆದೆಯ ಬೂಷ್ಟು, ಕೊಟ್ಟಿಗೆಯ ನಂಜು

ಹಲಗೂರಿನ ಸುತ್ತಣ ಹಳ್ಳಿಗಳಲ್ಲಿ ರಾಗಿ ಕುಯ್ಲಿನ ಹೊತ್ತಿಗೆ ಅಕಾಲದ ಮಳೆ ಹಿಡಿದರೆ ರೈತನ ಚಿಂತೆಯೆಲ್ಲ ತೆನೆಯ ಮೇಲೆ. ಹುಲ್ಲನ್ನು ಅರೆಹಸಿಯಾಗಿಯೇ ಮೆದೆ ಒಟ್ಟುವುದುಂಟು. ಕೆಲವು ವಾರಗಳ ತರುವಾಯ ಹುಲ್ಲು ಹಿರಿದರೆ ಒಳಗೆ ಕಾವು, ಮುಗ್ಗಲು ವಾಸನೆ, ಬೂದುಬಣ್ಣದ ಬೂಷ್ಟು. ದನ ಮೂಸಿ ಬಿಟ್ಟ ಆ ಹುಲ್ಲನ್ನು ಎಸೆಯಲು ಮನಸ್ಸು ಬಾರದೆ ಅದರ ಕಾಲಡಿಗೇ ಹಾಸುತ್ತೇವೆ. ಮೇವಾಗದ್ದು ಹಾಸಾದೀತೆಂಬ ಈ ಲೆಕ್ಕ ತಪ್ಪೆಂದು ನನ್ನ ಅಭಿಪ್ರಾಯ.

ಬೂಷ್ಟೆಲ್ಲವೂ ವಿಷಕಾರಿಯಲ್ಲ, ನಿಜ. ಆದರೆ ಯಾವುದು ವಿಷವನ್ನು ಉತ್ಪಾದಿಸಿದೆ ಎಂಬುದನ್ನು ಬರಿಗಣ್ಣು ಹೇಳಲಾರದು. ಹಸಿದ ದನ ರಾತ್ರಿ ಹಾಸಿನ ಹುಲ್ಲನ್ನೇ ಜಗಿಯುತ್ತದೆ. ಧೂಳಿನೊಡನೆ ಬೂಷ್ಟಿನ ಬೀಜಕಣಗಳನ್ನು ಉಸಿರಿನಲ್ಲಿ ಸೆಳೆದುಕೊಳ್ಳುತ್ತದೆ. 1930ರ ದಶಕದಲ್ಲಿ ಉಕ್ರೇನಿನಲ್ಲಿ ಸ್ಟ್ಯಾಕಿಬಾಟ್ರಿಸ್ ಎಂಬ ಕರಿಯ ಬೂಷ್ಟು ಹಿಡಿದ ಹುಲ್ಲನ್ನು ತಿಂದು ಕುದುರೆಗಳು ಸತ್ತುವು. ಆ ಹುಲ್ಲನ್ನು ಹೊತ್ತವರಿಗೂ ಅದರ ಮೇಲೆ ಮಲಗಿದವರಿಗೂ ಚರ್ಮ ಕೆರಳಿತು. ಭತ್ತದ ಹುಲ್ಲೂ ನಿರಪರಾಧಿಯಲ್ಲ: ಫ್ಯುಸೇರಿಯಮ್ ಜಾತಿಯ ಬೂಷ್ಟು ಹಿಡಿದ ಹುಲ್ಲಿನಿಂದ ಎಮ್ಮೆಗಳ ಕಿವಿ, ಬಾಲ, ಗೊರಸು ಕೊಳೆಯುವ ಡೆಗ್ನಾಲಾ ಎಂಬ ರೋಗವನ್ನು ಉತ್ತರ ಭಾರತದ ಪಶುವೈದ್ಯರು ಬಲ್ಲರು.

ಹಿಂಡಿಯ ಕಥೆ ಇನ್ನೂ ಗಂಭೀರವಾದುದು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತಾಗ ದೋಷವು ಕಡಲೆಕಾಯಿ ಹಿಂಡಿಯಲ್ಲಿ ಕಂಡುಬಂದಿತು. ಆಸ್ಪರ್ಜಿಲಸ್ ಫ್ಲೇವಸ್ ಎಂಬ ಬೂಷ್ಟಿನ ಆ ವಿಷಕ್ಕೆ ಅಫ್ಲಟಾಕ್ಸಿನ್ ಎಂದು ಹೆಸರಾಯಿತು. ಮೆಲುಕು ಹಾಕುವ ಪ್ರಾಣಿಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಕೆಲವು ನಂಜುಗಳನ್ನು ಮುರಿಯಬಲ್ಲವು. ಇದನ್ನು ಮಾತ್ರ ಬಹುಪಾಲು ಹಾಗೆಯೇ ಬಿಡುತ್ತವೆ. ಕರುಳಿನಿಂದ ರಕ್ತಕ್ಕೆ ಸೇರಿದ ವಿಷವು ಯಕೃತ್ತಿನಲ್ಲಿ ಎಂ-1 ಎಂಬ ರೂಪಕ್ಕೆ ತಿರುಗಿ, ಒಂದು ದಿನದೊಳಗೇ ಹಾಲಿನಲ್ಲಿ ಇಳಿಯುತ್ತದೆ. ತಿಂದುದರಲ್ಲಿ ನೂರಕ್ಕೆ 1ರಿಂದ 3 ಪಾಲು ಹೀಗೆ ಹೊರಬರುವುದು ಸಾಮಾನ್ಯ. ಹೆಚ್ಚು ಹಾಲು ಕರೆಯುವ ಹಸುವಿನಲ್ಲಿ 6ರವರೆಗೂ ಏರೀತು. ಹಾಲನ್ನು ಕಾಯಿಸಿದರೆ ಇದು ನಾಶವಾಗದು. ಭಾರತದಲ್ಲಿ ಒಂದು ಕಿಲೋಗ್ರಾಂ ಹಾಲಿಗೆ 0.5 ಮೈಕ್ರೋಗ್ರಾಂ ಎಂದು ಮಿತಿ ಗೊತ್ತುಮಾಡಲಾಗಿದೆ.

ಮಿತಿ ಇದೆ, ಆದರೆ ಊರಿನ ಡೈರಿಯಲ್ಲಿ ರೈತನಿಗೆ ಬೆಲೆ ಸಿಕ್ಕುವುದು ಜಿಡ್ಡಿಗೆ, ಘನಾಂಶಕ್ಕೆ. ಬೂಷ್ಟಿನ ಹಿಂಡಿಯನ್ನು ಎಸೆದವನಿಗೆ ಒಂದು ಪೈಸೆಯೂ ಹೆಚ್ಚು ಬಾರದು. ನಷ್ಟವನ್ನೆಲ್ಲ ಅವನೊಬ್ಬನ ತಲೆಗೆ ಕಟ್ಟಿ ಶುದ್ಧ ಹಾಲನ್ನು ಬಯಸುವುದು ನ್ಯಾಯವೆಂದು ನನಗೆ ತೋರದು. ಹಿಂಡಿ ಮಾರುವವರೇ ಮೊದಲು ಪರೀಕ್ಷೆಗೆ ಒಳಗಾಗಲಿ. ಹುಲ್ಲಿನ ವಿಚಾರ ಅಷ್ಟು ಕಷ್ಟದ್ದಲ್ಲ: ಬಿಸಿಲಿಗೆ ಒಣಗಿಸಿ, ನೆಲಕ್ಕೆ ತಾಗದಂತೆ ಕಲ್ಲುಕಟ್ಟೆಯ ಮೇಲೆ ಒಟ್ಟಿದರಾಯಿತು. ಕೆಟ್ಟದ್ದನ್ನು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೊಟ್ಟಿಗೆಗೆ ತಾರದೆ ನೇರವಾಗಿ ಗೊಬ್ಬರದ ಗುಂಡಿಗೆ ಹಾಕಬೇಕು.