ಕೋರ್ಸ್ ಹೆಸರಲ್ಲಿ ಭಯದ ಮಾರಾಟ

ಕೆಸರಿಗೆ ಬಿದ್ದ ತಂಗಿಗಾಗಿ ಪುಟ್ಟ ಅಣ್ಣ ಆ ಕೆಸರನ್ನೇ ಗುದ್ದಿ ಬಟ್ಟೆಯೆಲ್ಲ ಕೊಳೆ ಮಾಡಿಕೊಳ್ಳುವ ಸರ್ಫ್ ಎಕ್ಸೆಲ್‌ನ ಹಳೆಯ ಜಾಹೀರಾತು ಹಲವರಿಗೆ ನೆನಪಿರಬಹುದು. ಅಲ್ಲಿ ಸೋಪಿನ ಪುಡಿಗಿಂತ ಅಣ್ಣ-ತಂಗಿಯ ಪ್ರೀತಿಯೇ ಎದ್ದು ಕಾಣುತ್ತದೆ. ಭಾವನೆ ತಟ್ಟಿ ವಸ್ತು ಮಾರುವುದು ಹೊಸದಲ್ಲ, ತಪ್ಪೂ ಅಲ್ಲ. ಪುಡಿ ಕೊಳೆ ತೆಗೆಯದಿದ್ದರೆ ಅಮ್ಮ ಮುಂದಿನ ತಿಂಗಳು ಬೇರೆ ಪುಡಿ ತರುತ್ತಾರೆ. ಗ್ರಾಹಕ ಮತ್ತೆ ಬರಬೇಕೆಂಬ ಅಗತ್ಯವೇ ಕಂಪನಿಗೆ ಲಗಾಮು.

ಆದರೆ ಕೋಚಿಂಗ್, ಉದ್ಯೋಗ ತರಬೇತಿಯನ್ನು ಯಾರೂ ತಿಂಗಳಿಗೊಮ್ಮೆ ಕೊಳ್ಳುವುದಿಲ್ಲ. ಒಮ್ಮೆ ಹಣ ಕಟ್ಟಿದರೆ ಮುಗಿಯಿತು. ಹಾಗಾಗಿ ಇಲ್ಲಿ ಆ ಲಗಾಮೂ ಇಲ್ಲ. ನಾನು ಬಿಇ ಮೂರನೇ ವರ್ಷಕ್ಕೆ ಬಂದ ಮೇಲೆ ಮೊಬೈಲಿಗೆ ಬರುವ ಜಾಹೀರಾತುಗಳ ದನಿಯೇ ಬದಲಾಗಿದೆ. ‘ನಿಮ್ಮ ಗೆಳೆಯರಿಗೆಲ್ಲ ಕೆಲಸ ಸಿಕ್ಕಿತು, ನಿಮಗೆ?’, ‘ಇನ್ನು ಎರಡೇ ಸೀಟು’, ‘ಆಫರ್ ಮುಗಿಯಲು 14 ನಿಮಿಷ’. ಪುಟ ಮುಚ್ಚಿ ಮತ್ತೆ ತೆರೆದರೆ ಅದೇ 14 ನಿಮಿಷ ಮೊದಲಿಂದ ಶುರು! ಇಂಥ ಗಡಿಯಾರ ಕೂರಿಸಲು ನಾಲ್ಕಾರು ಸಾಲು ಕೋಡ್ ಸಾಕು. ಅದಕ್ಕೂ ಉಳಿದ ಸೀಟುಗಳಿಗೂ ಸಂಬಂಧವೇ ಇರಬೇಕಿಲ್ಲ.

ನಾವು ಹಿಂಜರಿದರೆ ಮುಂದಿನ ಕರೆ ಅಪ್ಪನಿಗೆ. ‘ಮಗನ ಭವಿಷ್ಯಕ್ಕಿಂತ ದುಡ್ಡು ಹೆಚ್ಚೇ ಸರ್?’ ಎಂದರೆ ಯಾವ ತಂದೆ ಏನು ಹೇಳಿಯಾರು? ಹೆದರಿದವರ ಮೇಲೆ ಹಾವು ಎಸೆದಂತೆ ಇದು. ‘ಸುಲಭ ಕಂತು’ ಎಂದು ಸಹಿ ಹಾಕಿಸಿಕೊಳ್ಳುವುದು ಎಷ್ಟೋ ಸಲ ಹಣಕಾಸು ಸಂಸ್ಥೆಯೊಂದರ ಸಾಲ. ನಡುವೆ ಕೋರ್ಸ್ ಬಿಟ್ಟರೂ ಕಂತು ಬಿಡುವುದಿಲ್ಲ.

ಇದಕ್ಕೆ ಕಾನೂನಿನಲ್ಲಿ ಉತ್ತರವಿದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್‌ನಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ 13 ಬಗೆಯ ಆನ್‌ಲೈನ್ ತಂತ್ರಗಳನ್ನು ನಿಷೇಧಿಸಿತು. ಸುಳ್ಳು ಅವಸರ ಹುಟ್ಟಿಸುವುದು, ‘ಬೇಡ’ ಎನ್ನುವವರಿಗೆ ನಾಚಿಕೆಯಾಗುವಂತೆ ಮಾಡುವುದು ಎರಡೂ ಆ ಪಟ್ಟಿಯಲ್ಲಿವೆ. 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆಂದೇ ಪ್ರತ್ಯೇಕ ಮಾರ್ಗಸೂಚಿ ಬಂತು. ಉದ್ಯೋಗ ಖಚಿತ ಎಂಬ ಸುಳ್ಳು ಭರವಸೆ ಕೊಡುವಂತಿಲ್ಲ. ಆಯ್ಕೆಯಾದ ಅಭ್ಯರ್ಥಿಯ ಲಿಖಿತ ಒಪ್ಪಿಗೆ ಇಲ್ಲದೆ ಫೋಟೊ ಹಾಕುವಂತಿಲ್ಲ. ಆತ ಓದಿದ್ದು ಯಾವ ಕೋರ್ಸ್, ಎಷ್ಟು ಅವಧಿ ಎಂಬುದನ್ನೂ ತಿಳಿಸಬೇಕು. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ತಪ್ಪಿದರೆ 50 ಲಕ್ಷದವರೆಗೆ ದಂಡ ಹಾಕಬಹುದು.

ಆದರೆ ನಿಯಮಕ್ಕೆ ಜೀವ ಬರುವುದು ದೂರಿನಿಂದ. ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು ನಮ್ಮ ಕೈಯಲ್ಲೇ ಇದೆ.

ಎಲ್ಲ ಕೋರ್ಸುಗಳೂ ಮೋಸವಲ್ಲ. ನಮಗೆ ಕೌಶಲ ಬೇಕು, ಕಲಿಸುವವರೂ ಬೇಕು. ಆದ್ದರಿಂದ ಮೂರು ಪ್ರಶ್ನೆ ಕೇಳೋಣ: ಸಾಲ ಕೊಡುವವರು ಯಾರು? ನಡುವೆ ಬಿಟ್ಟರೆ ಹಣ ಎಷ್ಟು ವಾಪಸ್? ಉದ್ಯೋಗದ ಭರವಸೆಯನ್ನು ಬರೆದು ಕೊಡುತ್ತೀರಾ? ಉತ್ತರಿಸಲು ಒಂದು ದಿನವೂ ಕಾಯದೆ ‘ಇವತ್ತೇ ಕಟ್ಟಿ’ ಎನ್ನುವವರಿಗೆ ಬೇಕಿರುವುದು ನಮ್ಮ ಭವಿಷ್ಯವಲ್ಲ, ನಮ್ಮ ಭಯ.