ಬೆರಳುದ್ದದ ಬೈಗೆ ಬೇಡ ಅಂದ್ರು ಅಮ್ಮ

ಹೋದ ತಿಂಗಳು ಎರಡು ದಿನ ರಜೆ ಹಾಕಿ ಊರಿಗೆ ಹೋಗಿದ್ದೆ. ಬೆಂಗಳೂರಿನ ರಾತ್ರಿ ಬಸ್ಸು ಕುಂದಾಪುರ ಮುಟ್ಟುವಾಗ ಬೆಳಿಗ್ಗೆ ಏಳು ಗಂಟೆ. ಚಾ ಕುಡಿದದ್ದೇ ಅಮ್ಮನ ಜೊತೆ ಮೀನು ಮಾರ್ಕೆಟ್ಟಿಗೆ ಹೊರಟೆ. ಒಂದು ಬುಟ್ಟಿ ತುಂಬ ಬೆರಳುದ್ದದ ಬೈಗೆ ಮೀನು. ಮಂಗಳೂರು ಕಡೆಯವರು ಬೂತಾಯಿ ಅಂತಾರಲ್ಲ, ಅದೇ. ರೇಟೂ ಕಡಿಮೆ. ಗರಿಗರಿ ಫ್ರೈ ಮಾಡಬಹುದು ಅಂತ ಕೈ ಹಾಕಿದೆ.

“ಅದ್ ಬ್ಯಾಡ ಮಗಾ, ಮರಿ ಅದ್. ಈಗ್ಲೇ ಎಲ್ಲ ತಿಂದ್ರೆ ಬಪ್ಪ ವರ್ಷ ಎಂತ ತಿಂಬುದ್?” ಅಂದ್ರು ಅಮ್ಮ.

ಮೀನು ಮಾರುವ ಅಕ್ಕ ಸುಮ್ಮನಿರಲಿಲ್ಲ. “ಹೌದ್ ಮಾರಾಯ್ರೆ. ದೋಣಿ ಖಾಲಿ ಬಂದ್ರೆ ಡೀಸೆಲ್ ದುಡ್ ಯಾರ್ ಕೊಡ್ತ್ರ್?”

ಇಬ್ಬರ ಮಾತೂ ಸರಿಯೇ. ಆದರೆ ಈ ಬೈಗೆ ಕಡಲಲ್ಲಿ ಮಾಡುವ ಕೆಲಸ ಗೊತ್ತಾದರೆ ಅಮ್ಮನ ಮಾತಿನ ತೂಕ ಇನ್ನೂ ಹೆಚ್ಚಾಗ್ತದೆ.

ಮಳೆಗಾಲದ ಗಾಳಿಗೆ ನಮ್ಮ ಕರಾವಳಿಯಲ್ಲಿ ಮೇಲಿನ ನೀರು ಸರಿದು, ಅಡಿಯಲ್ಲಿರುವ ತಣ್ಣಗಿನ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರ್ತದೆ. ಅದರಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು, ಅಂದರೆ ಸಸ್ಯ ಪ್ಲವಕಗಳು, ಲೆಕ್ಕವಿಲ್ಲದಷ್ಟು ಬೆಳೆಯುತ್ತವೆ. ಭೂಮಿಯಲ್ಲಿ ಉತ್ಪತ್ತಿಯಾಗುವ ಆಮ್ಲಜನಕದಲ್ಲಿ ಸುಮಾರು ಅರ್ಧ ಪಾಲು ಕಡಲಿನ ಇಂಥ ಜೀವಿಗಳದ್ದೇ. ಬೈಗೆ ಇವನ್ನು ತಿಂದು ಬದುಕುತ್ತದೆ. ಬೈಗೆಯನ್ನು ಅಂಜಲ್, ಡಾಲ್ಫಿನ್, ಕಡಲ ಹಕ್ಕಿಗಳು ತಿನ್ನುತ್ತವೆ. ಮೀನಿನ ಹಿಕ್ಕೆ, ಸತ್ತ ಜೀವಿಗಳು ಕೆಳಗಿಳಿಯುವಾಗ ಪ್ಲವಕಗಳು ಹೀರಿದ ಇಂಗಾಲದ ಒಂದು ಪಾಲು ಕಡಲಾಳ ಸೇರುತ್ತದೆ. ನಾವು ವಾಹನ, ಕಾರ್ಖಾನೆಗಳಿಂದ ಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಕಾಲು ಭಾಗವನ್ನು ಸಮುದ್ರವೇ ಹೀರಿಕೊಳ್ಳುತ್ತಿದೆ. ಎಸಿ ಆಫೀಸಿನಲ್ಲಿ ಕೂತ ನಮಗೂ ಬೈಗೆಗೂ ಇಷ್ಟು ಹತ್ತಿರದ ಸಂಬಂಧ!

ಇನ್ನು ಗಂಗೊಳ್ಳಿ ಅಳಿವೆಗೆ ಬನ್ನಿ. ಸೌಪರ್ಣಿಕಾ, ವಾರಾಹಿ, ಚಕ್ರ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಇಲ್ಲಿ ಕಡಲು ಸೇರುತ್ತವೆ. ದಡದ ಕಾಂಡ್ಲಾ ಗಿಡಗಳ ಬೇರಿನ ಸಂದಿಯೇ ಸಿಗಡಿ, ಏಡಿ, ಮೀನು ಮರಿಗಳ ತೊಟ್ಟಿಲು. ಆ ಬೇರುಗಳು ಮಣ್ಣನ್ನೂ ಹಿಡಿದಿಡುತ್ತವೆ. ಬ್ರಹ್ಮಾವರದ ಕಡೆ, ಸೀತಾ ಮತ್ತು ಸ್ವರ್ಣಾ ಹೊಳೆಗಳು ಕಡಲು ಸೇರುವ ಕೋಡಿಬೆಂಗ್ರೆಯ ಹತ್ತಿರ, ಕೆಸರಲ್ಲಿ ಕೂತ ಮರುವಾಯಿ ನೀರನ್ನು ಒಳಗೆಳೆದು, ಅದರಲ್ಲಿರುವ ಕಣಗಳನ್ನು ಸೋಸಿ ಬಿಡುತ್ತದೆ. ಕರೆಂಟ್ ಬಿಲ್ ಇಲ್ಲದ ವಾಟರ್ ಫಿಲ್ಟರ್ ಅದು.

ಕುಂದಾಪುರದ ಕೋಡಿ ಕಡಲತೀರಕ್ಕೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆ ಇಡಲು ಬರುತ್ತವೆ. ಅರಣ್ಯ ಇಲಾಖೆಯವರೂ ಊರಿನ ಸ್ವಯಂಸೇವಕರೂ ಆ ಗೂಡುಗಳಿಗೆ ಕಾವಲು ಕಾಯ್ದು, ಮರಿಗಳನ್ನು ಕಡಲಿಗೆ ಬಿಟ್ಟಿದ್ದಾರೆ. ಈ ಆಮೆಗಳು ತಿನ್ನುವುದು ಜೆಲ್ಲಿ ಮೀನು, ಏಡಿ, ಬಸವನಹುಳುಗಳನ್ನು. ಜೆಲ್ಲಿ ಮೀನು ಹೆಚ್ಚಾದರೆ ಮೀನಿನ ಮೊಟ್ಟೆ, ಮರಿಗಳೆಲ್ಲ ಅದರ ಹೊಟ್ಟೆಗೆ. ಹಾಗಾಗಿ ಆಮೆ ಉಳಿದರೆ ಬಲೆಗೂ ಲಾಭ.

ಈ ಸರಪಳಿ ತುಂಡಾದರೆ? ಪಕ್ಕದ ಕೇರಳವನ್ನೇ ನೋಡಿ. ಅಲ್ಲಿ ಬೈಗೆಗೆ ಮತ್ತಿ ಅಂತಾರೆ. 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಮತ್ತಿ, 2021ರಲ್ಲಿ ಸಿಕ್ಕಿದ್ದು ಬರೇ 3,297 ಟನ್. ಕಡಲಿನ ಬಿಸಿ ಏರಿದ್ದು ಒಂದು ಕಾರಣ, ಮರಿಗಳನ್ನೂ ಬಿಡದೆ ಹಿಡಿದದ್ದು ಇನ್ನೊಂದು. ಈಗ ಅಲ್ಲಿ 10 ಸೆಂ.ಮೀ.ಗಿಂತ ಚಿಕ್ಕ ಮತ್ತಿ, 14 ಸೆಂ.ಮೀ.ಗಿಂತ ಚಿಕ್ಕ ಬಂಗುಡೆ ಹಿಡಿಯುವಂತಿಲ್ಲ. ನಮ್ಮಲ್ಲಿಯೂ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳಿಗೆ ರಜೆ. ಬೈಗೆ ಹೆಚ್ಚಾಗಿ ಮೊಟ್ಟೆ ಇಡುವುದು ಮಳೆಗಾಲದಲ್ಲೇ. ಎಲ್‌ಇಡಿ ದೀಪ ಹಾಕಿ ಹಿಡಿಯುವುದನ್ನೂ ಬುಲ್ ಟ್ರಾಲಿಂಗನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ.

ಆದರೆ ಕಾನೂನು ಎಲ್ಲ ಬುಟ್ಟಿಯ ಹತ್ತಿರ ಬಂದು ನಿಲ್ಲುವುದಿಲ್ಲ. ಅಲ್ಲಿ ನಿಲ್ಲುವುದು ನಾವು. ಮರಿ ಮೀನು ಮನುಷ್ಯರು ಕೊಳ್ಳದಿದ್ದರೂ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗ್ತದೆ, ನಿಜ. ಹಾಗಂತ ನಮ್ಮ ಪಾಲಿನದ್ದು ಬಿಡಬೇಕಾ? ಅಂಗೈಯಲ್ಲಿಟ್ಟು ಅಳತೆ ನೋಡಿ, ಮರಿಯಾದರೆ ಬೇಡ ಅನ್ನಿ. ಚಳಿಗಾಲದಲ್ಲಿ ರಾತ್ರಿ ಕೋಡಿಗೆ ಹೋದರೆ ಮರಳಿನ ಮೇಲೆ ಬೈಕ್ ಹತ್ತಿಸಬೇಡಿ, ರೀಲ್ಸ್ ಮಾಡಲು ಟಾರ್ಚ್ ಹಾಕಬೇಡಿ. ಬೆಳಕು ಕಂಡರೆ ಆಮೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆಗೇ ಹೋಗ್ತವೆ.

ಆ ದಿನ ನಾವು ದೊಡ್ಡ ಬಂಗುಡೆ ತಗೊಂಡೆವು, ಸ್ವಲ್ಪ ಜಾಸ್ತಿ ದುಡ್ಡು ಕೊಟ್ಟು. ಅಮ್ಮ ಚೌಕಾಸಿ ಮಾಡಲಿಲ್ಲ. ನನಗದು ಆಶ್ಚರ್ಯ! ಅಕ್ಕ ನಗುತ್ತಾ ನನ್ನ ನಂಬರ್ ತಗೊಂಡ್ರು. “ದೊಡ್ಡ ಬೈಗೆ ಬಂದ್ ಕೂಡ್ಲೆ ಫೋನ್ ಮಾಡ್ತೆ” ಅಂದ್ರು.

ಇನ್ನೂ ಫೋನ್ ಬಂದಿಲ್ಲ. ಕಾಯ್ತಾ ಇದ್ದೇನೆ.