ಅನಿಲ ಟರ್ಬೈನಿನ ತಂಪು ಮತ್ತು ಕನ್ನಡದ ಹೊಣೆ

ದೆಹಲಿಯಲ್ಲೂ ಅದರ ಸುತ್ತಮುತ್ತಲಲ್ಲೂ ನೈಸರ್ಗಿಕ ಅನಿಲವನ್ನು ಉರಿಸಿ ವಿದ್ಯುತ್ತನ್ನು ಉತ್ಪಾದಿಸುವ ಹಲವು ಸ್ಥಾವರಗಳಿವೆ. ಉತ್ತರ ಪ್ರದೇಶದ ಗೌತಮ ಬುದ್ಧ ನಗರ ಜಿಲ್ಲೆಯ ದಾದ್ರಿಯಲ್ಲಿ 1990ರ ದಶಕದಲ್ಲಿ ನೆಲೆಗೊಂಡ ಸುಮಾರು 830 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ, ಹರಿಯಾಣದ ಫರಿದಾಬಾದಿನಲ್ಲಿರುವ ಸುಮಾರು 430 ಮೆಗಾವ್ಯಾಟಿನ ಸ್ಥಾವರ, ದೆಹಲಿಯೊಳಗೇ ಬವಾನಾದಲ್ಲಿರುವ ಸುಮಾರು 1370 ಮೆಗಾವ್ಯಾಟಿನ ಸ್ಥಾವರ ಇವು ಮುಖ್ಯವಾದವು. ಬದರ್‌ಪುರದ ಕಲ್ಲಿದ್ದಲಿನ ಸ್ಥಾವರ 2018ರಲ್ಲಿ ಮುಚ್ಚಿದ ಮೇಲೆ ರಾಜಧಾನಿಯ ಗಡಿಯೊಳಗೆ ಉಳಿದ ದೊಡ್ಡ ಉಷ್ಣ ಸ್ಥಾವರಗಳು ಅನಿಲದವೇ. ಇವುಗಳ ಬಗ್ಗೆ ಚರ್ಚೆ ನಡೆದಾಗಲೆಲ್ಲ ಅನಿಲದ ಬೆಲೆ, ವಿದ್ಯುತ್ತಿನ ದರ, ಹೊಗೆಯ ಪ್ರಮಾಣ ಮುಂದೆ ಬರುತ್ತವೆ. ಇವೆಲ್ಲಕ್ಕೂ ತಳಹದಿಯಾದ ಒಂದು ಸಂಗತಿ ಮಾತ್ರ ಮಾತಿಗೆ ಬರುವುದು ಅಪರೂಪ. ಅದು ಈ ಯಂತ್ರ ತನ್ನದೇ ಉರಿಯಲ್ಲಿ ತಾನು ಕರಗಿಹೋಗದಂತೆ ಉಳಿದುಕೊಳ್ಳುವ ಬಗೆ.

ಅನಿಲ ಟರ್ಬೈನಿನ ರಚನೆ ತತ್ತ್ವತಃ ಸರಳವಾದುದು. ಮುಂಭಾಗದ ಸಂಪೀಡಕ, ಎಂದರೆ ಕಂಪ್ರೆಸರ್, ಹೊರಗಿನ ಗಾಳಿಯನ್ನು ಎಳೆದುಕೊಂಡು ಹತ್ತು ಹದಿನೈದು ಪಟ್ಟು ಒತ್ತುತ್ತದೆ. ಒತ್ತಿದ ಆ ಗಾಳಿಯಲ್ಲಿ ಇಂಧನ ಉರಿಯುತ್ತದೆ. ಉರಿದ ಅನಿಲ ಹಿಂಭಾಗದ ಟರ್ಬೈನಿನ ಅಲಗುಗಳನ್ನು ತಳ್ಳಿ ದಂಡವನ್ನು ತಿರುಗಿಸುತ್ತದೆ. ಹೀಗೆ ದೊರೆತ ಬಲದ ಬಹುಪಾಲು ಸಂಪೀಡಕವನ್ನು ನಡೆಸುವುದಕ್ಕೇ ವ್ಯಯವಾಗಿ, ಉಳಿದುದು ಮಾತ್ರ ವಿದ್ಯುತ್ತಾಗುತ್ತದೆ. 1939ರಲ್ಲಿ ಸ್ವಿಟ್ಜರ್ಲೆಂಡಿನ ನೊಶಾಟೆಲ್ ನಗರದಲ್ಲಿ ಸ್ಥಾಪಿತವಾದ ಮೊದಲ ಅನಿಲ ಟರ್ಬೈನ್ ವಿದ್ಯುತ್ ಸ್ಥಾವರದಲ್ಲಿ ಟರ್ಬೈನು ಹುಟ್ಟಿಸಿದ ಸುಮಾರು 15 ಮೆಗಾವ್ಯಾಟಿನಲ್ಲಿ 11ನ್ನು ಸಂಪೀಡಕವೇ ನುಂಗುತ್ತಿತ್ತು. ಹೊರಗೆ ಸಿಗುತ್ತಿದ್ದುದು 4 ಮೆಗಾವ್ಯಾಟ್ ಮಾತ್ರ. ಇಂಧನದ ಶಕ್ತಿಯಲ್ಲಿ ನೂರಕ್ಕೆ ಹದಿನೇಳರಷ್ಟು ಮಾತ್ರ ವಿದ್ಯುತ್ತಾಗುತ್ತಿತ್ತು. ಈ ಲೆಕ್ಕವನ್ನು ಉತ್ತಮಪಡಿಸಬೇಕಾದರೆ ಅನಿಲದ ಉಷ್ಣತೆ ಏರಬೇಕು. ಏರಿದರೆ ಲೋಹ ತಾಳಬೇಕು. ಕಳೆದ ಎಂಟು ದಶಕಗಳ ಟರ್ಬೈನ್ ವಿಜ್ಞಾನದ ಇತಿಹಾಸ ಬಹುಮಟ್ಟಿಗೆ ಈ ಎರಡರ ನಡುವಣ ಸೆಣಸಾಟದ ಇತಿಹಾಸ.

ಅಲಗುಗಳಿಗೆ ಬಳಸುವ ನಿಕ್ಕಲ್ ಮಿಶ್ರಲೋಹಗಳು 1300 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಕರಗತೊಡಗುತ್ತವೆ. ಅದಕ್ಕೆ ಬಹಳ ಮೊದಲೇ ಅವುಗಳ ಕಸುವು ಕುಂದುತ್ತದೆ. ಬವಾನಾದಲ್ಲಿರುವ ಪೀಳಿಗೆಯ ಯಂತ್ರಗಳಲ್ಲಿ ಅಲಗಿಗೆ ಬಡಿಯುವ ಅನಿಲದ ಉಷ್ಣತೆಯೂ 1300 ಡಿಗ್ರಿಯ ಆಸುಪಾಸಿನದೇ. ಇತ್ತೀಚಿನ ಯಂತ್ರಗಳಲ್ಲಿ ಅದು 1500ನ್ನು ದಾಟಿದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಚಕ್ರದಲ್ಲಿ ಒಂದೊಂದು ಅಲಗಿನ ಮೇಲೂ ಹಲವು ಟನ್ನುಗಳ ಎಳೆತ ಬೀಳುತ್ತದೆ. ಇಂಥ ಸ್ಥಿತಿಯಲ್ಲಿ ಅಲಗನ್ನು ಕಾಯುವುದು ಹೊರಗಿನಿಂದ ತಂದ ನೀರಲ್ಲ, ಎಣ್ಣೆಯಲ್ಲ. ಯಂತ್ರವೇ ಒತ್ತಿ ಸಿದ್ಧಪಡಿಸಿದ ಗಾಳಿ. ಸಂಪೀಡಕದಿಂದ ಹೊರಟ ಗಾಳಿಯ ಒಂದು ಪಾಲು ಉರಿಗೆ ಹೋಗದೆ ಪಕ್ಕಕ್ಕೆ ತಿರುಗಿ, ಟೊಳ್ಳಾದ ಅಲಗಿನ ಬುಡದಿಂದ ಒಳಹೊಕ್ಕು, ಅಂಕುಡೊಂಕಾದ ಹಾದಿಗಳಲ್ಲಿ ಹರಿದು, ಸಣ್ಣ ರಂಧ್ರಗಳಿಂದ ಹೊರಬಂದು ಅಲಗಿನ ಮೈಮೇಲೆ ತೆಳುವಾದ ಹೊದಿಕೆಯಂತೆ ಹರಡಿಕೊಳ್ಳುತ್ತದೆ. ಬೆಳೆದ ರಾಗಿಯಲ್ಲಿ ಬಿತ್ತನೆಗೆಂದು ಒಕ್ಕಲಿಗ ಎತ್ತಿಡುವ ಪಾಲಿನಂಥದು ಇದು. ಎತ್ತಿಟ್ಟುದು ಊಟಕ್ಕೆ ಒದಗದು. ಎತ್ತಿಡದಿದ್ದರೆ ಮುಂದಿನ ವರ್ಷ ಊಟವೇ ಇಲ್ಲ. ಆಧುನಿಕ ಯಂತ್ರಗಳಲ್ಲಿ ಈ ಪಾಲು ಒಟ್ಟು ಗಾಳಿಯ ಐದನೆಯ ಒಂದು ಭಾಗದಷ್ಟಾಗುವುದೂ ಉಂಟು. ಬಲ ವ್ಯಯಿಸಿ ಒತ್ತಿದ ಗಾಳಿಯಾದುದರಿಂದ ಅತಿಯಾಗಿ ತೆಗೆದರೆ ವಿದ್ಯುತ್ತು ಕುಗ್ಗುತ್ತದೆ. ಕಡಿಮೆ ತೆಗೆದರೆ ಅಲಗು ಸಾಯುತ್ತದೆ. ಎಷ್ಟು ಕಡಿಮೆ ಗಾಳಿಯಲ್ಲಿ ಅಲಗನ್ನು ಉಳಿಸಬಹುದು ಎಂಬುದೇ ಟರ್ಬೈನು ತಯಾರಕರ ನಿಜವಾದ ಬಂಡವಾಳ.

ಈ ತತ್ತ್ವ ಬೃಹತ್ ಸ್ಥಾವರಗಳಿಗೆ ಮಾತ್ರ ಸೀಮಿತವಲ್ಲ. ದೊಡ್ಡ ಕಟ್ಟಡಗಳ ಹವಾನಿಯಂತ್ರಣಕ್ಕೆ ಬಳಸುವ, ಕಾಂತಬಲದ ಬೇರಿಂಗುಗಳ ಮೇಲೆ ಎಣ್ಣೆಯಿಲ್ಲದೆ ಅತಿವೇಗವಾಗಿ ತಿರುಗುವ ಹೊಸ ಬಗೆಯ ಕಂಪ್ರೆಸರುಗಳಲ್ಲೂ ಮೋಟರನ್ನು ತಂಪಾಗಿಡುವುದು ಅವು ಒತ್ತುವ ಶೀತಕದ್ದೇ ಒಂದು ಪಾಲು. ಅಲ್ಲಿಯೂ ಅದಕ್ಕೆ ತೆರಬೇಕಾದ ಬೆಲೆ ಇದ್ದೇ ಇದೆ.

ದೆಹಲಿಯ ಹವೆ ಈ ಬೆಲೆಯನ್ನು ಇನ್ನಷ್ಟು ಏರಿಸುತ್ತದೆ. ಟರ್ಬೈನುಗಳ ಸಾಮರ್ಥ್ಯವನ್ನು ಅಂತರರಾಷ್ಟ್ರೀಯ ಪದ್ಧತಿಯಂತೆ 15 ಡಿಗ್ರಿ ಉಷ್ಣತೆಯ ಗಾಳಿಗೆ ಅನ್ವಯಿಸಿ ಹೇಳಲಾಗುತ್ತದೆ. ಮೇ, ಜೂನ್ ತಿಂಗಳುಗಳಲ್ಲಿ ಲೂ ಎಂಬ ಬಿಸಿಗಾಳಿ ಬೀಸಿ ಉಷ್ಣತೆ 45ನ್ನು ಮುಟ್ಟಿದಾಗ ಗಾಳಿ ತೆಳುವಾಗಿ, ನಗರಕ್ಕೆ ವಿದ್ಯುತ್ತು ಅತ್ಯಂತ ಅಗತ್ಯವಾದ ಹೊತ್ತಿನಲ್ಲೇ ಉತ್ಪಾದನೆ ಇಳಿಯುತ್ತದೆ. ಅಲಗನ್ನು ತಣಿಸಬೇಕಾದ ಗಾಳಿಯೂ ಆಗ ಇನ್ನಷ್ಟು ಬಿಸಿಯಾಗಿ ಬರುತ್ತದೆ. ಆಂಧಿಯೊಡನೆ ಏಳುವ ದೂಳಿನಲ್ಲಿ ಶೋಧಕಗಳನ್ನು ದಾಟಿ ಬಂದ ನುಣುಪಾದ ಕಣಗಳು ಅಲಗಿನ ಸಣ್ಣ ರಂಧ್ರಗಳನ್ನು ಮುಚ್ಚಬಲ್ಲವು.

ಯಂತ್ರಗಳು ಪೇಟೆಯಲ್ಲಿ ದೊರೆಯುವಾಗ ಈ ಸೂಕ್ಷ್ಮಗಳು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಅನಿಲದ ಅಭಾವದಿಂದ ಸ್ಥಾವರಗಳು ಬಹುಕಾಲ ಸುಮ್ಮನಿರುತ್ತವೆ, ಸೂರ್ಯಶಕ್ತಿ ಅಗ್ಗವಾಗುತ್ತಿದೆ ಎಂಬುದೂ ಅವರ ವಾದ. ವಾದದ ಪೂರ್ವಾರ್ಧ ಸತ್ಯ, ನಿರ್ಣಯ ತಪ್ಪು. ಸೂರ್ಯ ಮುಳುಗಿದ ಮೇಲಿನ ಕೆಲವು ಗಂಟೆಗಳಿಗಾಗಿ ಮಾತ್ರ ಟರ್ಬೈನನ್ನು ಹೊತ್ತಿಸಿ ಆರಿಸಿದರೆ ಅಲಗು ಪ್ರತಿಸಲವೂ ಹಿಗ್ಗಿ ಕುಗ್ಗಿ ಬಿರುಕು ಬಿಡುವ ಅಪಾಯ ಹೆಚ್ಚುತ್ತದೆ. ಸತತವಾಗಿ ನಡೆಯುವ ಯಂತ್ರಕ್ಕಿಂತ ಆಗಾಗ ನಡೆಯುವ ಯಂತ್ರದಲ್ಲಿ ತಂಪಿನ ಅರಿವು ಹೆಚ್ಚು ಬೇಕು. ಯಂತ್ರವನ್ನು ಮಾರುವವರು ಅಲಗಿನೊಳಗಿನ ಹಾದಿಗಳ ಲೆಕ್ಕವನ್ನು ಅದರೊಡನೆ ಕಟ್ಟಿಕೊಡುವುದಿಲ್ಲ.

ಆ ಲೆಕ್ಕವನ್ನು ಸ್ವಂತವಾಗಿ ಕಲಿಯುವ ಪ್ರಯತ್ನ ಭಾರತದಲ್ಲಿ ಮುಖ್ಯವಾಗಿ ನಡೆದಿರುವುದು ಕನ್ನಡದ ನೆಲದಲ್ಲಿ ಎಂಬುದನ್ನು ನೆನೆಯಬೇಕು. 1959ರಲ್ಲಿ ಕಾನಪುರದಲ್ಲಿ ಆರಂಭವಾದ ಅನಿಲ ಟರ್ಬೈನ್ ಸಂಶೋಧನಾ ಕೇಂದ್ರ 1961ರಲ್ಲಿ ಬೆಂಗಳೂರಿಗೆ ಬಂದಿತು. 1989ರಲ್ಲಿ ಅದಕ್ಕೆ ವಹಿಸಲಾದ ಯುದ್ಧವಿಮಾನದ ಎಂಜಿನಿಗೆ ಕಾವೇರಿಯ ಹೆಸರನ್ನೇ ಇಡಲಾಯಿತು. ನಿರೀಕ್ಷಿತ ಬಲವನ್ನು ಅದು ಮುಟ್ಟಲಿಲ್ಲ. 2008ರಲ್ಲಿ ಅದನ್ನು ತೇಜಸ್ ವಿಮಾನದಿಂದ ಬೇರ್ಪಡಿಸಲಾಯಿತು. ಅಲಗಿನ ಲೋಹ ಮತ್ತು ತಂಪಿನ ಸಮಸ್ಯೆ ಆ ಹಿನ್ನಡೆಯ ಕಾರಣಗಳಲ್ಲಿ ಒಂದು. 2021ರಲ್ಲಿ ಹೈದರಾಬಾದಿನ ರಕ್ಷಣಾ ಲೋಹಶಾಸ್ತ್ರ ಪ್ರಯೋಗಾಲಯವು ಏಕಸ್ಫಟಿಕದ 60 ಅಲಗುಗಳನ್ನು ಹೆಲಿಕಾಪ್ಟರ್ ಎಂಜಿನಿಗಾಗಿ ಒದಗಿಸಿದುದು ಆ ದಾರಿಯಲ್ಲಿ ಮುಂದಿನ ಹೆಜ್ಜೆ. ಕಾವೇರಿಯನ್ನು ಸೋಲೆಂದು ತಳ್ಳಿಹಾಕುವುದು ಸುಲಭ. ಕೊಂಡು ತಂದ ಯಂತ್ರ ಕಲಿಸದ ಪಾಠಗಳನ್ನು ಅದು ಕಲಿಸಿದೆ ಎಂಬುದು ಹೆಚ್ಚು ನ್ಯಾಯವಾದ ತೀರ್ಮಾನ.

ಆರು ದಶಕಗಳ ಈ ಶ್ರಮವನ್ನು ಕನ್ನಡ ಗದ್ಯ ಸಾಕಷ್ಟು ತನ್ನದಾಗಿಸಿಕೊಂಡಿಲ್ಲ. 1918ರ ಸುಮಾರಿನಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರಂಥವರು ‘ವಿಜ್ಞಾನ’ ಮಾಸಪತ್ರಿಕೆಯನ್ನು ನಡೆಸಿದ, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಕೊಟ್ಟ ಭಾಷೆಗೆ ಇದು ಶಕ್ತಿಗೆ ಮೀರಿದ ಕೆಲಸವಲ್ಲ. ಕೊರತೆ ಪದಗಳದ್ದಲ್ಲ. ಸಂಪೀಡಕವೆಂದರೂ ಕಂಪ್ರೆಸರ್ ಎಂದರೂ ಓದುಗ ದಾರಿ ತಪ್ಪಲಾರ. ಆದರೆ ‘ತಂಪು ಗಾಳಿ’ ಎಂದೊಡನೆ ಅವನ ಮನಸ್ಸಿಗೆ ಹೊಂಗೆಯ ನೆರಳು ಬರುತ್ತದೆ. ಅಲಗಿನೊಳಗೆ ಹರಿಯುವ ತಂಪು ಗಾಳಿಯ ಉಷ್ಣತೆ 400 ಡಿಗ್ರಿ! ತಂಪೆಂಬುದು ಇಲ್ಲಿ ಸಾಪೇಕ್ಷ ಎಂಬುದನ್ನು ಪಾರಿಭಾಷಿಕ ಕೋಶ ಹೇಳಿಕೊಡದು. ಅದನ್ನು ತಿಳಿಸಬಲ್ಲುದು ಯಂತ್ರವನ್ನು ಬಲ್ಲವರೊಡನೆ ಕುಳಿತು ಕಟ್ಟಿದ, ಕಾರಣದಿಂದ ಕಾರ್ಯಕ್ಕೆ ಸಾಗುವ ವಾಕ್ಯ.

ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳ ಹೊಣೆ ಇಲ್ಲಿಂದ ಆರಂಭವಾಗುತ್ತದೆ. 2015ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಪೀಠ ಸ್ಥಾಪನೆಯಾಯಿತು. ದಾದ್ರಿ ಅಲ್ಲಿಂದ ಬಹಳ ದೂರವಿಲ್ಲ. ಬೆಂಗಳೂರಿನಲ್ಲಂತೂ ವಿಶ್ವವಿದ್ಯಾನಿಲಯವೂ ಟರ್ಬೈನ್ ಪ್ರಯೋಗಶಾಲೆಯೂ ಒಂದೇ ನಗರದಲ್ಲಿವೆ. ಹಳಗನ್ನಡದ ಪದ್ಯಕ್ಕೆ ಟೀಕೆ ಬರೆಯುವ ಶಿಸ್ತನ್ನು ಒಂದು ಅಲಗಿನ ವಿವರಣೆಗೂ ಸಲ್ಲಿಸುವ ವಿದ್ಯಾರ್ಥಿಗಳನ್ನು ವಿಭಾಗಗಳು ಸಿದ್ಧಪಡಿಸಬೇಕು. ಎಂಜಿನಿಯರುಗಳು, ದುರಸ್ತಿಯ ಕೆಲಸಗಾರರು ತಮ್ಮ ತಮ್ಮಲ್ಲಿ ಆಡುವ ಕನ್ನಡವನ್ನು ಕೇಳಿ ಬರೆದಿಡಬೇಕು. ರಾಷ್ಟ್ರ ಯಾವ ಯಂತ್ರವನ್ನು ಕೊಳ್ಳಬೇಕು, ಯಾವುದನ್ನು ಕಷ್ಟಪಟ್ಟಾದರೂ ಕಟ್ಟಬೇಕು ಎಂಬ ಪ್ರಶ್ನೆ ತೆರಿಗೆ ಕೊಡುವ ಪ್ರತಿಯೊಬ್ಬನದೂ ಹೌದು. ಅದನ್ನು ಅವನು ತನ್ನ ನುಡಿಯಲ್ಲಿ ತಿಳಿದು ವಿಚಾರ ಮಾಡುವಂತಾಗಬೇಕು. ಈ ಕೆಲಸಕ್ಕೆ ವಿಭಾಗಗಳು ತಮ್ಮ ದುಡಿಮೆಯ ಒಂದು ಪಾಲನ್ನು ಮೀಸಲಿಟ್ಟರೆ ಅದನ್ನು ನಷ್ಟವೆಂದು ಎಣಿಸಬೇಕಾಗಿಲ್ಲ.